ಪಾರಿಸ ವೈದ್ಯರ ಮರ್ಯಾದೆ
ಮಿರಜಿನ ಪಾರಿಸ ವೈದ್ಯರು ಮನಸ್ಸಿನ ಬೇನೆಗೆ ಹೆಸರಾದವರು. ಆದರೆ ‘ಗುಣವಾಗಿಲ್ಲ’ ಎಂದರೆ ಅವರ ಮುಖ ಕಪ್ಪಿಡುತ್ತಿತ್ತು. “ಪಥ್ಯ ಮುರದಿರಬೇಕ ನೀವು!” ಎಂದು ಗದರಿ, ತಾವೇ ಅವತ್ತಿನ ಊಟ ಬಿಡುತ್ತಿದ್ದರು. ಹೀಗಾಗಿ ರೋಗಿಗಳಾದ ನಾವೇ ಅವರನ್ನು ಜೋಪಾನ ಮಾಡುತ್ತಿದ್ದೆವು. ಗುಣವಾದವರು ಪೇಢೆ ಕೊಡುವುದು ರೂಢಿ. ಗುಣವಾಗದವರು ಇನ್ನೂ ದೊಡ್ಡ ಪೊಟ್ಟಣ ಕೊಟ್ಟು, ಸದ್ದಿಲ್ಲದೆ ಸಾಂಗಲಿಯ ಡಾಕ್ಟರರ ಹತ್ತಿರ ಹೋಗುತ್ತಿದ್ದರು. ಎದೆನಡುಕದ ನಾನೂ “ಭಾಳ ಆರಾಮ ಆಗೇತ್ರಿ” ಎಂದು ನಡುಗುವ ಕೈಯಿಂದಲೇ ಪೇಢೆ ಕೊಟ್ಟವನು. ಮಗನನ್ನು ಕಳೆದುಕೊಂಡ ಸರುಬಾಯಿಗೆ ಮಾತ್ರ ಈ ನಾಜೂಕು ತಿಳಿಯದು. “ಇನ್ನೂ ನಿದ್ದಿ ಬರವಲ್ದರಿ, ವೈದ್ಯರ” ಎಂದುಬಿಟ್ಟಳು. ನಾವೆಲ್ಲ ನೆಲ ನೋಡಿದೆವು. ವೈದ್ಯರು ಗದರಲು ಬಾಯಿ ತೆರೆದರು, ಮುಚ್ಚಿದರು, ಆಮೇಲೆ ಮೆಲ್ಲಗೆ, “ನನಗೂ ಬರೂದಿಲ್ಲವ್ವಾ” ಎಂದರು. ಸರುಬಾಯಿ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೇಳಿದಳು: “ಯಾವಾಗಿಂದ್ರಿ?”