ಸರೋಜಾ ಒಂದು, ಎರಡು, ಮೂರು, ನಾಲ್ಕು

ಡಿಲೀಟ್ ಬಟನ್ ಮೂರು ಸಲ ಒತ್ತಿದೆ. ನಾನು ಮಾಡಿದ್ದು ಅಷ್ಟೇ. ಮುಂದಿನ ಶನಿವಾರ ಎಪ್ಪತ್ತೆರಡು ವರ್ಷದ ಸರೋಜಮ್ಮನವರು ಹಾಡುವುದನ್ನೇ ಬಿಟ್ಟರು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಬೈಯುವುದಿದ್ದರೆ ಕೊನೆಗೆ ಬೈಯಿರಿ.

ಅಣ್ಣಾ ನಗರದ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಬರುವವರೆಲ್ಲ ಬ್ಯಾಂಕು, ರೈಲ್ವೆ, ಇನ್ಶೂರೆನ್ಸ್ ಅಂತ ಚೆನ್ನೈಗೆ ಬಂದು ಇಲ್ಲೇ ಉಳಿದುಬಿಟ್ಟ ಕನ್ನಡದವರು. ಸರೋಜಮ್ಮನವರು ಹಾಡುತ್ತಾರೆ, ನಾವು ಹಿಂದಿನಿಂದ ದನಿಗೂಡಿಸುತ್ತೇವೆ. ಕೀಬೋರ್ಡ್ ಶ್ರೀಪತಿಯವರದು. ರೈಲ್ವೆಯಿಂದ ರಿಟೈರ್ ಆದಮೇಲೆ ಅವರು ತಮಗೆಂದು ಕೊಂಡ ಒಂದೇ ಒಂದು ವಸ್ತು ಅದು. ಸ್ಟೇಜ್ ಮೇಲೆ ನುಡಿಸುವವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ದೊಡ್ಡದು. ಹಾರ್ಮೋನಿಯಂ, ವೀಣೆ, ತಂಬೂರಿ ಎಲ್ಲ ಅದರೊಳಗೇ. ಬೇಕಾದ ಹಾಗೆ ಧ್ವನಿಯನ್ನು ತಿದ್ದಿ, ಒಂದು ಹೆಸರು ಕೊಟ್ಟು, ಸೇವ್ ಮಾಡಿಡಬಹುದು.

ಈ ವರ್ಷ ಶ್ರೀಪತಿಯವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಕೀಬೋರ್ಡ್ ನನ್ನ ಪಾಲಿಗೆ ಬಂತು. (ಎರಡು ವರ್ಷ ಕ್ಲಾಸಿಗೆ ಹೋಗಿದ್ದೇ ನನ್ನ ಅರ್ಹತೆ. ಉಳಿದವರು ಅಷ್ಟೂ ಹೋಗಿರಲಿಲ್ಲ.)

ಮೊದಲ ಕೆಲವು ವಾರ ಅವರು ಹಾಕಿಟ್ಟಿದ್ದ ಧ್ವನಿಯಲ್ಲೇ ನುಡಿಸಿದೆ. ಆಮೇಲೆ ಮನೆಗೆ ತಂದು ನೋಡಿದರೆ ಒಳಗೆ ಸಂತೆ. ಅರವತ್ತು ಚಿಲ್ಲರೆ ಧ್ವನಿಗಳು, ತಲೆಬುಡವಿಲ್ಲದ ಹೆಸರುಗಳು. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಫೈಲು ಜೋಡಿಸಿದ ಕೈ ನನ್ನದು. ಸುಮ್ಮನಿದ್ದೀತೇ? ಒಂದು ಭಾನುವಾರ ಕೂತು ವೀಣೆಗಳನ್ನೆಲ್ಲ ಒಂದು ಕಡೆ, ಹಾರ್ಮೋನಿಯಂಗಳನ್ನೆಲ್ಲ ಒಂದು ಕಡೆ ಸರಿಸಿದೆ. ನಡುವೆ ಸಿಕ್ಕವು ಇವು: ಸರೋಜಾ 1, ಸರೋಜಾ 2, ಸರೋಜಾ 3, ಸರೋಜಾ 4.

ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೂ ಕೇಳಿದೆ. ಅದೇ ಹಾರ್ಮೋನಿಯಂ, ಹಿಂದೆ ಅದೇ ತಂಬೂರಿ. ನನ್ನ ಕಿವಿಗೆ ನಾಲ್ಕೂ ಒಂದೇ. ಒಂದು ಪಾಲಿಸಿಗೆ ಮೂರು ಜೆರಾಕ್ಸ್ ಯಾಕೆ? ಮೊದಲನೆಯದನ್ನು ಇಟ್ಟುಕೊಂಡು ಉಳಿದ ಮೂರನ್ನು ಅಳಿಸಿದೆ. ಆಮೇಲೆ ಎಷ್ಟು ಹಾಯೆನಿಸಿತು ಗೊತ್ತೇ? ಫೋನಿನಲ್ಲಿ ಹಳೆಯ ಫೋಟೋ ಅಳಿಸಿದಾಗ ನಿಮಗೂ ಹಾಗೇ ಅನಿಸಿರುತ್ತದೆ.

ಶನಿವಾರ ಬಂತು. ಉಳಿಸಿಕೊಂಡಿದ್ದ ಸರೋಜಾ 1 ಹಾಕಿದೆ. ಸರೋಜಮ್ಮನವರು ಯಾವತ್ತಿನಂತೆ ಕೀಬೋರ್ಡಿನ ಪಕ್ಕದಲ್ಲೇ ಕೂತರು. ನನ್ನ ಬೆರಳು ಎಲ್ಲಿದೆ ಅಂತ ಬಗ್ಗಿ ನೋಡಿದರು. ಅದು ಅವರ ಹಾರ್ಮೋನಿಯಂ ಕಾಲದ ಅಭ್ಯಾಸ.

"ಐದಲ್ವೇನೆ?"

"ಐದೇ ಸರೋಜಮ್ಮ."

ಐದು ಅಂದರೆ ಐದು ಮನೆ ಶ್ರುತಿ. ಯಾವ ಕೀಲಿಯನ್ನು ಷಡ್ಜ, ಅಂದರೆ ‘ಸ’, ಮಾಡಿಕೊಂಡು ಹಾಡುತ್ತಾರೋ ಅದರ ಲೆಕ್ಕ; ಅಂಕಿ ಏರಿದಷ್ಟೂ ಶ್ರುತಿ ಎತ್ತರ. ಸರೋಜಮ್ಮನವರದು ಮದುವೆಗೆ ಮುಂಚಿನಿಂದಲೂ ಐದು. ಅದು ಅವರ ಹೆಮ್ಮೆ.

ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಮೇಲಕ್ಕೆ ಹೋಗುವ ಕಡೆ ದನಿ ಒಡೆಯಿತು. ಕೆಮ್ಮಿ, ನೀರು ಕುಡಿದು ಮತ್ತೆ ಎತ್ತಿದರು. ಮತ್ತೆ ಒಡೆಯಿತು. ಮೂರನೇ ಸಲ ಅವರು ಪ್ರಯತ್ನಿಸಲಿಲ್ಲ. ಪುಸ್ತಕ ಮುಚ್ಚಿ, "ನೀವು ಹಾಡ್ಕೊಳಿ" ಅಂದರು. ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೊರಡುವಾಗ ನನ್ನ ಭುಜ ಹಿಡಿದುಕೊಂಡು ಹೇಳಿದರು, "ಐದೂ ಹೋಯ್ತು ಕಣೆ ನಂಗೆ. ಹೋದ್ವಾರದ ತನಕ ಇತ್ತು. ಇನ್ನು ಸಾಕು."

ಮಾರನೆಯ ದಿನ ಫೋನ್ ಮಾಡಿದೆ. ಕಾಲೇಜಿಗೆ ಹೋಗುವ ಮೊಮ್ಮಗಳು ಎತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಪಾಟಿ ಇನಿಮೇ ಪಾಡ ಮಾಟಾಂಗಳಾಂ ಆಂಟಿ." ಅಜ್ಜಿ ಇನ್ನು ಮೇಲೆ ಹಾಡುವುದಿಲ್ಲವಂತೆ.

ಕೀಲ್ಪಾಕ್‌ಗೆ, ಶ್ರೀಪತಿಯವರ ಮನೆಗೆ ಹೋದೆ. ವಿಷಯ ಹೇಳಿದೆ. ಅವರು ಕಷ್ಟಪಟ್ಟು ಕೇಳಿದರು, "ಸರೋಜಾ... ನಾಲ್ಕು?"

"ಡೂಪ್ಲಿಕೇಟ್ ಅಂದ್ಕೊಂಡು ಅಳಿಸ್ಬಿಟ್ಟೆ ಸಾರ್."

ಅವರು ಕಣ್ಣು ಮುಚ್ಚಿಕೊಂಡರು. ಉಳಿದದ್ದನ್ನು ಅವರ ಹೆಂಡತಿ ವಿಮಲಾ ಹೇಳಿದರು. "ಸರೋಜಮ್ಮನವರಿಗೆ ಐದರಲ್ಲಿ ದನಿ ಏರದೆ ಆರು ವರ್ಷ ಆಯ್ತು. ಇವರು ಒಂದೊಂದೇ ಕೀ ಇಳಿಸ್ತಾ ಬಂದ್ರು. ಕೈ ನೋಡ್ತಾರಲ್ಲ ಅವರು? ಅದಕ್ಕೇ ಕೈ ಐದರ ಮೇಲೇ ಇರೋದು. ಸೌಂಡ್ ಮಾತ್ರ ಕೆಳಗಿನ ಶ್ರುತೀಲಿ ಬರೋ ಹಾಗೆ ಸೇವ್ ಮಾಡಿಟ್ಟಿದ್ರು. ಸರೋಜಾ ಒಂದು ಮಾತ್ರ ನಿಜವಾದ ಐದು."

ಆರು ವರ್ಷ. ಪಕ್ಕದಲ್ಲಿ ಕೂತ ಹೆಂಗಸಿನ ದನಿ ಎಲ್ಲಿ ನಡುಗುತ್ತದೆ ಅಂತ ಕೇಳಿಸಿಕೊಂಡು, ಮನೆಗೆ ಬಂದು, ಅದಕ್ಕೆ ತಕ್ಕ ಹಾಗೆ ಒಂದು ಧ್ವನಿ ಮಾಡಿ, ಯಾರಿಗೂ ಹೇಳದೆ ಇಟ್ಟಿದ್ದರು. ನಾನು ಅದನ್ನು ಕಸ ಅಂದುಕೊಂಡಿದ್ದೆ.

ನಾಲ್ಕನೆಯದು ಎಷ್ಟಕ್ಕೆ ಇಳಿದಿತ್ತು ಅಂತ ಕೇಳಿದೆ. ಎಡಗೈಯ ಮೂರು ಬೆರಳು ತೋರಿಸಿದರು. ಮೂರು ಮನೆ. ಆಮೇಲೆ ಒಂದು ಮಾತು ಹೇಳಲು ತುಂಬ ಹೊತ್ತು ತೆಗೆದುಕೊಂಡರು. "ಹೇಳ್ಬೇಡಿ."

ಮನೆಗೆ ಬಂದು ಮ್ಯಾನ್ಯುಯಲ್ ಹಿಡಿದುಕೊಂಡು ಕೂತೆ. ಹಾಳು ಮಾಡಲು ಒಂದು ನಿಮಿಷ ಸಾಕಾಗಿತ್ತು, ಸರೋಜಾ 4 ಮತ್ತೆ ಮಾಡಲು ನಾಲ್ಕು ದಿನ ಹಿಡಿಯಿತು. ಕೊನೆಗೆ ಫೋನಿನಲ್ಲಿ ಶ್ರೀಪತಿಯವರಿಗೆ ಕೇಳಿಸಿದೆ. "ತಲೆ ಆಡ್ಸಿದ್ರು" ಅಂದರು ವಿಮಲಾ.

ಸರೋಜಮ್ಮನವರ ಮನೆಗೆ ಹೋದಾಗ ಅವರು ಸಾಂಬಾರ್ ಈರುಳ್ಳಿ ಸುಲಿಯುತ್ತಿದ್ದರು. ಅವರ ಎದುರು ಕೂತೆ. "ತಪ್ಪು ನಂದು ಸರೋಜಮ್ಮ. ಏನೋ ಸೆಟ್ಟಿಂಗ್ ಮಾಡಕ್ಕೆ ಹೋಗಿ ಶ್ರುತಿ ಏರಿಸ್ಬಿಟ್ಟಿದ್ದೆ."

ಇದು ಸುಳ್ಳಲ್ಲ, ನೋಡಿ. ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದೆ.

"ಎಷ್ಟಕ್ಕೆ?" ಅಂದರು.

ಐದಕ್ಕೆ ಅಂದರೆ ಅವರ ಆರು ವರ್ಷ ಮುರಿದುಬೀಳುತ್ತಿತ್ತು.

"ಆರಕ್ಕೆ."

ಈರುಳ್ಳಿ ಕೆಳಗಿಟ್ಟರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಅದಕ್ಕೇ ಮತ್ತೆ. ಆರರಲ್ಲಿ ನಾನು ಚಿಕ್ಕ ವಯಸ್ಸಲ್ಲೇ ಹಾಡಿದವಳಲ್ಲ. ಮಷೀನು ಕೈಗೆ ಸಿಕ್ತು ಅಂತ ಏನೇನೋ ತಿರುವ್ಬೇಡ ಕಣೆ." ಆಮೇಲೆ ಹತ್ತು ನಿಮಿಷ ಬೈದರು. ಬೈಸಿಕೊಂಡು ನನಗೆ ಅಷ್ಟು ನೆಮ್ಮದಿ ಯಾವತ್ತೂ ಆಗಿರಲಿಲ್ಲ.

ಆ ಶನಿವಾರ ಅವರು ಬಂದರು. ನನ್ನ ಬೆರಳು ನೋಡಿದರು. ಹಾಡಿದರು. ಚರಣದಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ನಾನು ಕೀಲಿಗಳಿಂದ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

(ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ಈ ಊರಿನಲ್ಲಿ ಇಂಥ ಭಜನೆಗಳು ಎಷ್ಟೋ ಇವೆ, ಹುಡುಕಬೇಡಿ.)

ಸುಳ್ಳು ಹೇಳಿದ್ದು ಸರಿಯೇ? ಗೊತ್ತಿಲ್ಲ. ಮೂರು ಮನೆಯೂ ಅವರಿಗೆ ಯಾವತ್ತಿಗೂ ಉಳಿಯುವುದಿಲ್ಲ ಅನ್ನುವುದು ಮಾತ್ರ ಗೊತ್ತು. ‘ಸರೋಜಾ 5’ ಮಾಡುವುದನ್ನು ಈಗಲೇ ಕಲಿತಿಟ್ಟುಕೊಂಡಿದ್ದೇನೆ.

ಆದರೆ ಬೇರೊಂದು ಪ್ರಶ್ನೆ ಈ ವಾರವೆಲ್ಲ ನನ್ನನ್ನು ಕಾಡುತ್ತಿದೆ. ಆಫೀಸಿನಲ್ಲಿ, ಮನೆಯಲ್ಲಿ, ನನ್ನ ಶಕ್ತಿಯಿಂದಲೇ ಎಲ್ಲ ನಡೆಯುತ್ತಿದೆ ಅಂತ ಬೀಗುತ್ತೇನಲ್ಲ, ನನ್ನ ಪಕ್ಕದಲ್ಲಿ ಕೂತು, ನನಗೆ ತಿಳಿಯದ ಹಾಗೆ, ಯಾರು ಏನನ್ನು ಇಳಿಸಿಕೊಡುತ್ತಿದ್ದಾರೋ?