ಮಳೆಯ ಮೇಲೆ ಹಾಕಿದ ತಪ್ಪು

ನಮ್ಮ ಕಡೆ ಲೈನ್ ಕೆಟ್ಟರೆ ಮಳೆಯನ್ನು ಬೈದು ಸುಮ್ಮನಾಗುವುದು ರೂಢಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಶಾಖೆಯಿರುವ ಒಂದು ಕ್ಲಿನಿಕ್ಕಿನ ನೆಟ್‌ವರ್ಕ್ ನೋಡಿಕೊಳ್ಳುವ ನಾನೂ ಹಾಗೆಯೇ ಮಾಡಿದೆ.

ಹೊಸನಗರದ ಶಾಖೆಗೆ ನಿವೃತ್ತ ಟೀಚರ್ ಒಬ್ಬರು ಬರುತ್ತಿದ್ದರು. ಸ್ಟ್ರೋಕ್ ಆಗಿ ಮಾತು ಬಿದ್ದುಹೋಗಿತ್ತು. ಸಾಗರದ ಥೆರಪಿಸ್ಟ್ ನಮ್ಮ ಇಂಟರ್ನೆಟ್ ಫೋನಿನಲ್ಲೇ ಅವರಿಗೆ ಮತ್ತೆ ಮಾತು ಕಲಿಸುತ್ತಿದ್ದರು. ಜೂನಿನಿಂದ ಥೆರಪಿಸ್ಟರದು ಒಂದೇ ರಾಗ: "ಮೇಡಂ, ಅರ್ಧ ಪದ ನುಂಗ್ತಿದೀರಿ." ನರ್ಸ್ ಒಮ್ಮೆ ಲೈನ್ ನೋಡಿ ಎಂದಾಗ, "ಮಳೆ ಕಣ್ರೀ, ಬಿಟ್ಮೇಲೆ ಸರಿಹೋಗ್ತದೆ" ಎಂದುಬಿಟ್ಟೆ.

ದೀಪಾವಳಿ ಕಳೆದು ಬಿಸಿಲು ಬಂದಮೇಲೆ ಒಂದು ದಿನ ಪ್ರಿಂಟರ್ ರಿಪೇರಿಗೆ ಹೋದೆ. ನರ್ಸ್ ಪಿಸುಗುಟ್ಟಿದರು: "ಟೀಚರ್ ಇವತ್ತೇ ಕೊನೆ ಅಂತಿದಾರೆ. ಮನೇಲೂ ಮಾತು ಬಿಟ್ಟಿದಾರಂತೆ."

ಗಡಿಬಿಡಿಯಲ್ಲಿ ನನ್ನ ಚೀಲ ಟೀಚರ ಕಾಲ ಮೇಲೆ ಬಿತ್ತು.

"ಎಂತದಾ ನಿಂದು, ಕಣ್ಣು ಕಾಣಲ್ವನಾ?" ಎಂದರು. ನಿಧಾನ, ಆದರೆ ಒಂದಕ್ಷರವೂ ತಪ್ಪಿರಲಿಲ್ಲ. ಮರುನಿಮಿಷ ಅವರು ಒಳಗೆ ಹೋಗಿ ಕೂತರೆ, ಫೋನಿನಲ್ಲಿ ಥೆರಪಿಸ್ಟರ "ಪೂರ್ತಿ ಹೇಳಿ ಮೇಡಂ, ತುಂಡಾಗ್ತಿದೆ" ಎಂಬ ದನಿ. ಹೊರಗೆ ಮಳೆಯಿರಲಿಲ್ಲ, ಅವರ ನಾಲಿಗೆಯೂ ಸರಿಯಿತ್ತು.

ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ, ಮೂರೂ ಶಾಖೆಗಳ ಲೈನು ಹಾದುಹೋಗುವ ತೀರ್ಥಹಳ್ಳಿಯ ಫೈರ್‌ವಾಲ್ ತೆರೆದೆ. ಮೇ ತಿಂಗಳಲ್ಲಿ ಹೊಸದನ್ನು ಕೂರಿಸಿ, ಹಳೆಯದರ ನಿಯಮಗಳನ್ನು ಕೈಯಾರೆ ಅದರೊಳಗೆ ಬರೆದವನು ನಾನೇ. ಫೋನು ಮಾತಿನ ಪ್ರತಿ ತುಣುಕಿಗೂ 'ಮೊದಲು ಬಿಡಿ' ಎಂದು ಗುರುತು ಹಾಕಿ ಕಳಿಸುತ್ತದೆ. ಹಳೆಯ ಡಬ್ಬದಲ್ಲಿ ಆ ಗುರುತಿಗೆ ನಲವತ್ತಾರು ಎಂದು ಬರೆಯಬೇಕಿತ್ತು; ಹೊಸದು ಲೆಕ್ಕ ಹಿಡಿಯುವ ರೀತಿಯೇ ಬೇರೆ, ಅದೇ ಗುರುತಿಗೆ ನೂರಾ ಎಂಬತ್ತನಾಲ್ಕು ಬರೆಯಬೇಕು. ನಾನು ಕಣ್ಣು ಮುಚ್ಚಿ ನಲವತ್ತಾರೇ ಬರೆದಿದ್ದೆ. ಹೀಗಾಗಿ ಟೀಚರ ಮಾತು ಐದು ತಿಂಗಳು ಶಾಖೆಗಳ ಕಾವಲು ಕ್ಯಾಮೆರಾಗಳ ರೆಕಾರ್ಡಿಂಗುಗಳ ಹಿಂದೆ ಸಾಲಿನ ಕೊನೆಗೆ ನಿಂತಿತ್ತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ಮಳೆ ಅಂದಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅಂಕಿ ತಿದ್ದಿ ಮತ್ತೆ ಫೋನ್ ಹಚ್ಚಿಸಿದೆ. ಟೀಚರ್ ವಾರಗಳ ಹೆಸರು ಹೇಳಿದರು. ಆ ಕಡೆಯಿಂದ ಥೆರಪಿಸ್ಟ್, "ಎಲ್ಲಾ ಕೇಳಿಸ್ತು ಮೇಡಂ. ಏಳೂ."

"ತಪ್ಪು ನಿಮ್ಮ ನಾಲಿಗೇದಲ್ಲ ಟೀಚರ್, ನಂದು" ಎಂದೆ.

ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಚೀಲದಿಂದ ಮೊಬೈಲ್ ತೆಗೆದು ಮನೆಗೆ ಹಚ್ಚಿದರು.

"ನಾನೇ ಕಣೇ," ಎಂದರು. "ಮಗೂಗೆ ಫೋನ್ ಕೊಡು. ಅಜ್ಜಿ ಮಾತಾಡ್ತಾಳಂತೆ ಅನ್ನು."