ಉಕ್ಕಿನ ಹಗ್ಗಕ್ಕೆ ಬಟ್ಟೆಯ ಕೈಗವಸು

ಚಿನ್ನದ ಗಣಿಯ ಪರ್ಚೇಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ ನಾನು ಬಂಗಾರಪೇಟೆಯ ಅಕ್ಕನ ಮನೆಯಲ್ಲಿದ್ದೆ. ಭಾವನಿಗೂ ಅದೇ ಗಣಿಯಲ್ಲಿ ಕೆಲಸ. ಕೂಲಿಯವರನ್ನು ಗಣಿಯ ಆಳಕ್ಕಿಳಿಸುವ ಕಬ್ಬಿಣದ ತೊಟ್ಟಿಲಿನ ಉಕ್ಕಿನ ಹಗ್ಗ ನೋಡಿಕೊಳ್ಳುವವರಲ್ಲಿ ಅವರೊಬ್ಬರು. ಬೆಳಿಗ್ಗೆ ಇಬ್ಬರೂ ಒಂದೇ ರೈಲು ಹತ್ತುತ್ತಿದ್ದೆವು.

ಒಂದು ವರ್ಷ ನಮ್ಮ ಆಫೀಸು ಹಗ್ಗದ ಕೆಲಸದವರಿಗೆ ತೊಗಲಿನ ಕೈಗವಸು ನಿಲ್ಲಿಸಿ ಬಟ್ಟೆಯದು ತರಿಸಿತು. ಕಡಿಮೆ ಬೆಲೆಯದು ಎಂಬುದಷ್ಟೇ ಕಾರಣ. ಹಗ್ಗದಲ್ಲಿ ಕಡಿದ ಎಳೆಗಳು ಮುಳ್ಳಿನಂತೆ ಎದ್ದಿರುತ್ತವೆ. ರೈಲಿನಲ್ಲಿ ಭಾವನ ಜೊತೆಯವರು ನನ್ನನ್ನು ಸುತ್ತುವರಿಯುತ್ತಿದ್ದರು.

"ತಂದೋರು ಒಂದ್ಸಲ ಆ ರೋಪು ಇಡ್ಕೊಂಡು ನೋಡವ್ರಾ? ನಿಜ ಏಳಪ್ಪಾ!"

ಅವರ ನಡುವಿನಿಂದ ಎದ್ದು ಹೋಗಲು ಜಾಗವಿರುತ್ತಿರಲಿಲ್ಲ.

ಒಂದು ಸಂಜೆ ಭಾವ ಅಂಗೈಗೆ ಪಟ್ಟಿ ಸುತ್ತಿಕೊಂಡು ಬಂದರು. ಅಕ್ಕ ಮುದ್ದೆ ಮುರಿದು ಅವರ ಬಾಯಿಗಿಡುತ್ತಾ ನನ್ನ ಕಡೆ ತಿರುಗಿದಳು. "ಅಲ್ಲೇ ಕುಂತಿರ್ತೀಯಲ್ಲ, ಒಂದ್ ಮಾತು ಏಳಾಕಾಗಲ್ವಾ?"

ಹೇಳಿದ್ದೆ. "ಕೊಳ್ಳೋದು ನಮ್ಮ ಕೆಲಸ, ಹಾಕ್ಕೊಳ್ಳೋದು ಅವರ ಕೆಲಸ" ಎಂದು ನಮ್ಮ ಆಫೀಸಿನ ಸಾಹೇಬರು ಫೈಲಿನಿಂದ ತಲೆಯೆತ್ತದೆ ಅಂದಿದ್ದರು. ಅದನ್ನು ಅಕ್ಕನಿಗೆ ಹೇಗೆ ಹೇಳಲಿ? ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಮಾರನೆಯ ದಿನ ಭಾವ ನೇರವಾಗಿ ಆಫೀಸಿಗೇ ಬಂದು, ಹರಿದು ರಕ್ತ ಅಂಟಿದ ಕೈಗವಸನ್ನು ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಇವರು ನಿಮಗೆ ಗೊತ್ತೇನ್ರೀ?"

ಭಾವ ನನ್ನ ಮುಖ ನೋಡಲಿಲ್ಲ. ಗೊತ್ತಿಲ್ಲ ಅಂದರೂ ನಡೆಯುತ್ತಿತ್ತೇನೋ.

"ನಮ್ಮ ಭಾವ, ಸಾರ್."

"ಓಹೋ. ಅದಕ್ಕೇ ಇಷ್ಟು ದಿನ ಕೈಗವಸು, ಕೈಗವಸು ಅಂತಿದ್ರಿ!"

ಅಂದಿನಿಂದ ಕೈಗವಸು ತರಿಸುವ ಕೆಲಸ ನನ್ನ ಕೈತಪ್ಪಿತು. ಕೆಲವು ತಿಂಗಳ ಮೇಲೆ ಇನ್ನೂ ಇಬ್ಬರ ಕೈ ಸೀಳಿ, ಗಣಿಯ ಎಂಜಿನಿಯರೇ ಬಂದು ಕೂಗಾಡಿದ ಬಳಿಕ ತೊಗಲಿನದು ಬಂತು. ಆದರೆ ಯಾವ ವರ್ಕ್‌ಶಾಪಿನ ದೂರು ನಾನು ಒಯ್ದರೂ ಸಾಹೇಬರು ನಗುತ್ತಿದ್ದರು: "ಇದು ಯಾವ ಭಾವನದ್ದು?"

ಬೇರೆ ಕಡೆ ಕೆಲಸ ಹುಡುಕಿದೆ, ಸಿಗಲಿಲ್ಲ.

"ಇನ್ಮ್ಯಾಕೆ ನಮ್ ಪರವಾಗಿ ಮಾತಾಡ್‌ಬ್ಯಾಡ ಕಣ್ಲಾ," ಅಂದರು ಭಾವ, ಹೊಸ ಕೈಗವಸನ್ನು ಚೀಲಕ್ಕೆ ತುರುಕುತ್ತಾ. "ನಿನ್ ಕೆಲ್ಸ ಉಳಿಸ್ಕೋ." ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ನಾನು ರೈಲಿನ ಕೊನೆಯ ಡಬ್ಬಿ ಹತ್ತತೊಡಗಿದೆ. ಒಂದು ವಾರವೂ ಆಗಿರಲಿಲ್ಲ; ನಮ್ಮ ಗಣಿಯ ನಂದಿದುರ್ಗ ವಿಭಾಗದ ಮುದುಕರೊಬ್ಬರು ನನ್ನ ಪಕ್ಕಕ್ಕೆ ಸರಿದು ಕೂತು, ಗಣಿಯ ನೀರಲ್ಲಿ ಅಟ್ಟೆ ಕಿತ್ತುಹೋದ ತಮ್ಮ ಬೂಟನ್ನು ಎತ್ತಿ ತೋರಿಸಿದರು.

"ಪರ್ಚೇಸ್‌ನಾಗೆ ಇರೋದು ನೀನೇ ಅಲ್ವೇನಪ್ಪಾ?"